ಚಿತ್ರ ಬರೆಯೋಕೆ ಕುಣಿತ ಯಾಕೆ ಕಲೀಬೇಕು?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಡುವೆ ಎಲ್ಲಾದರೂ ಗುಂಯ್ ಅಂತ ದೊಡ್ಡ ಸದ್ದು ಕೇಳಿಸಿದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿದೆ ಅಂದ್ಕೋಬೇಡಿ. ನಾನು ರೆಕಾರ್ಡ್ ಮಾಡ್ತಿರೋದು ಯಲಹಂಕದಲ್ಲಿ. ಪಕ್ಕದಲ್ಲೇ ವಾಯುಪಡೆ ನೆಲೆ ಇದೆ. ಅವರ ಟೈಮ್‌ಟೇಬಲ್ ನನ್ನ ಕೈಲಿಲ್ಲ.

ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಕಡೆ ಮನೆಗಳಲ್ಲಿ ಒಂದು ಮೀಟಿಂಗ್ ನಡೆಯುತ್ತೆ. ಅಪ್ಪ, ಅಮ್ಮ, ಒಬ್ಬ ಮಾವ, ಜೊತೆಗೆ ಪಕ್ಕದ ಮನೆ ಅಂಕಲ್. ಎಂಜಿನಿಯರಿಂಗ್, ಬಿಕಾಂ, ಬಿಸಿಎ, ನರ್ಸಿಂಗ್ ಎಲ್ಲದರ ಬಗ್ಗೆಯೂ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತೆ. ಆದರೆ ಮಗಳೋ ಮಗನೋ ಎದ್ದು, "ನಾನು ಚಿತ್ರ, ನಾಟಕ, ಡಾನ್ಸ್, ವಿಡಿಯೊ ಎಲ್ಲ ಸೇರಿಸಿ ಕಲಿಸುವ ಡಿಗ್ರಿ ಮಾಡ್ತೀನಿ" ಅಂದ್ರೆ ಇಡೀ ಮನೆ ಸೈಲೆಂಟ್. ಆಮೇಲೆ ಮೂರು ಪ್ರಶ್ನೆ ಬರ್ತವೆ. ಅದೇನು ಅದು? ಅದರಿಂದ ಏನಾಗ್ತೀಯಾ? ಎಷ್ಟಾಗುತ್ತೆ?

ನಾನು ಬಿಕಾಂ ಓದಿದವರ ಪೈಕಿ. ಹಾಗಾಗಿ ಮೂರನೇ ಪ್ರಶ್ನೆಯನ್ನ ಕೀಳು ಅಂತ ನೋಡಲ್ಲ. ಅದು ನ್ಯಾಯವಾದ ಪ್ರಶ್ನೆ. ಇವತ್ತು ಮೂರಕ್ಕೂ ಉತ್ತರ ಹುಡುಕೋಣ.

ಮೊದಲನೆಯದು, ಅದೇನು ಅದು? ಇದಕ್ಕೆ ಒಂದು ಹಳೇ ಕಥೆ ಇದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರ ಅನ್ನೋ ರಾಜ ಮಾರ್ಕಂಡೇಯ ಋಷಿಯ ಹತ್ತಿರ ಹೋಗಿ, ವಿಗ್ರಹ ಮಾಡೋದು ಹೇಗೆ ಅಂತ ಕಲಿಸಿಕೊಡಿ ಅಂತ ಕೇಳ್ತಾನೆ. ಋಷಿ ಹೇಳ್ತಾರೆ, ಚಿತ್ರ ಗೊತ್ತಿಲ್ಲದೆ ವಿಗ್ರಹ ಬರಲ್ಲ. ಸರಿ, ಚಿತ್ರ ಕಲಿಸಿ ಅಂತಾನೆ ರಾಜ. ಅದಕ್ಕೆ ನೃತ್ಯ ಗೊತ್ತಿರಬೇಕು. ನೃತ್ಯ ಕಲಿಸಿ. ಅದಕ್ಕೆ ವಾದ್ಯ ಗೊತ್ತಿರಬೇಕು. ವಾದ್ಯ ಕಲಿಸಿ. ಅದಕ್ಕೆ ಮೊದಲು ಹಾಡು ಗೊತ್ತಿರಬೇಕು. ಪಾಪ ರಾಜ, ಬಂದಿದ್ದು ಕಲ್ಲಿನ ಕೆಲಸ ಕಲಿಯೋಕೆ. ಕೊನೆಗೆ ಶುರು ಮಾಡಬೇಕಾಗಿದ್ದು ಹಾಡಿನಿಂದ.

ತಮಾಷೆ ಅನ್ನಿಸಬಹುದು. ಆದರೆ ಸ್ವಲ್ಪ ಯೋಚನೆ ಮಾಡಿ. ಒಂದು ಮೈ ತೂಕವನ್ನ ಯಾವ ಕಾಲ ಮೇಲೆ ಹಾಕಿದೆ, ಸೊಂಟ ಎಲ್ಲಿ ತಿರುಗಿದೆ, ಕೈ ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ಕುಣಿಯುವವರ ಮೈಗೆ ಗೊತ್ತಿರುತ್ತೆ. ಚಿತ್ರ ಬರೆಯುವವರಿಗೆ ಬೇಕಾಗಿರೋದೂ ಅದೇ. ಕುಣಿಯುವವರಿಗೆ ತಾಳ ಬೇಕು. ತಾಳ ಹುಟ್ಟೋದು ಹಾಡು, ವಾದ್ಯದಲ್ಲಿ. ಒಂದರ ಬೇರು ಇನ್ನೊಂದರೊಳಗೆ ಹೋಗಿದೆ. ಇವತ್ತು ಯೂನಿವರ್ಸಿಟಿಗಳು ಅಂತರಶಿಸ್ತೀಯ ಅಂತ ದೊಡ್ಡ ಹೆಸರಿಟ್ಟು ಕಲಿಸೋಕೆ ಹೊರಟಿರೋದು ಈ ಬೇರುಗಳನ್ನ.

ಇಲ್ಲೊಂದು ಎಚ್ಚರಿಕೆ. ಇದು ಬಫೆ ಊಟ ಅಲ್ಲ. ಸ್ವಲ್ಪ ಚಿತ್ರ, ಸ್ವಲ್ಪ ಡಾನ್ಸ್, ಸ್ವಲ್ಪ ಫೋಟೊಶಾಪ್ ಅಂತ ತಟ್ಟೆ ತುಂಬಿಸಿಕೊಂಡ್ರೆ ಸಿಗೋದು ಅರೆಬೆಂದ ಊಟ. ನಮ್ಮ ಯಕ್ಷಗಾನವನ್ನೇ ನೋಡಿ. ಹಿಂದೆ ಭಾಗವತರ ಹಾಡು, ಮದ್ದಳೆ, ಚೆಂಡೆ. ಮುಂದೆ ಕುಣಿತ, ವೇಷ, ಅಲ್ಲೇ ಹುಟ್ಟುವ ಮಾತು. ಮೇಳದ ವೇಷಧಾರಿ ಚೌಕಿಯಲ್ಲಿ ಕೂತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ತಾನೆ. ಅವನು ಚಿತ್ರಕಾರ, ನರ್ತಕ, ಮಾತುಗಾರ ಎಲ್ಲವೂ ಹೌದು. ಆದರೆ ಹುಡುಗರು ಮೊದಲು ಕೋಡಂಗಿ, ಬಾಲಗೋಪಾಲ ಇಂಥ ಚಿಕ್ಕ ವೇಷ ಕಟ್ಟಿ ಹೆಜ್ಜೆ ಗಟ್ಟಿ ಮಾಡ್ಕೊಳ್ತಾರೆ, ದೊಡ್ಡ ವೇಷ ಬರೋದು ಎಷ್ಟೋ ಆಟ ಆದ ಮೇಲೆ. ಹೆಜ್ಜೆ ಗಟ್ಟಿ ಇಲ್ಲದವನಿಗೆ ಬಣ್ಣ ಎಷ್ಟು ಚೆನ್ನಾಗಿದ್ರೂ ರಂಗಸ್ಥಳದಲ್ಲಿ ಗೊತ್ತಾಗಿಬಿಡುತ್ತೆ.

ಇನ್ನೊಂದು ಉದಾಹರಣೆ, ಕೆ. ವೆಂಕಟಪ್ಪ. ಕಸ್ತೂರ್ಬಾ ರಸ್ತೆಯಲ್ಲಿ ಮ್ಯೂಸಿಯಂ ಪಕ್ಕ ವೆಂಕಟಪ್ಪ ಆರ್ಟ್ ಗ್ಯಾಲರಿ ಇದ್ಯಲ್ಲ, ಅವರು. ಹುಟ್ಟಿದ್ದು 1886. ಮೈಸೂರಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಚಿತ್ರಕಲೆ ಕಲಿತರು. ಊಟಿ, ಕೊಡೈಕೆನಾಲ್‌ನ ಅವರ ಜಲವರ್ಣ ಚಿತ್ರಗಳನ್ನ ಒಮ್ಮೆ ನೋಡಿದ್ರೆ ಆ ಮಂಜು ಮರೆಯಲ್ಲ. ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪವನ್ನೂ ಮಾಡಿದವರು. ಇಷ್ಟು ಹೆಸರು ಮಾಡಿದ ಮನುಷ್ಯ ವೀಣೆ ಶೇಷಣ್ಣನವರ ಬಳಿ ಶಿಷ್ಯನಾಗಿ ವೀಣೆ ಕಲಿಯೋಕೆ ಕೂತರು. ಅವರ ವೀಣೆಯ ಸಾಧನೆ ಹವ್ಯಾಸ ಅಂತ ಪಕ್ಕಕ್ಕಿಡುವಂಥದ್ದಾಗಿರಲಿಲ್ಲ. ಮೊದಲ ಕೈ ಚೆನ್ನಾಗಿ ಪಳಗಿತ್ತು, ಎರಡನೆಯದನ್ನೂ ಅಷ್ಟೇ ಗಂಭೀರವಾಗಿ ಪಳಗಿಸಿದರು.

ಬಿ.ವಿ. ಕಾರಂತರೂ ಹಾಗೇ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು. ಬನಾರಸ್‌ನಲ್ಲಿ ಹಿಂದಿ ಎಂಎ, ಜೊತೆಗೆ ಸಂಗೀತ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ನಾಟಕ ಮಾಡಿದರು, ಸಂಗೀತ ಕೊಟ್ಟರು, 'ಚೋಮನ ದುಡಿ' ಸಿನಿಮಾ ನಿರ್ದೇಶಿಸಿದರು, 1989ರಲ್ಲಿ ಮೈಸೂರಲ್ಲಿ ಶುರುವಾದ ರಂಗಾಯಣವನ್ನ ಕಟ್ಟಿದರು. ಇವರಿಗೆ ಯಾರೂ "ನಿನ್ನ ಸಬ್ಜೆಕ್ಟ್ ಯಾವುದು?" ಅಂತ ಕೇಳಿ ಒಂದು ಡಬ್ಬಿಯೊಳಗೆ ಹಾಕೋಕೆ ಆಗ್ಲಿಲ್ಲ.

ಸರಿ, ಈಗ ನಮ್ಮ ಏರಿಯಾಗೆ ಬರೋಣ. ಉತ್ತರ ಬೆಂಗಳೂರು ಅಂದ್ರೆ ಜನ ಏರ್‌ಪೋರ್ಟ್, ಹೆಬ್ಬಾಳ ಫ್ಲೈಓವರ್, ಟ್ರಾಫಿಕ್ ಅಂತಾರೆ. ಕಲೆ ಕಲಿಯೋಕೆ ಇಲ್ಲಿ ಏನೇನಿದೆ ಅಂತ ನಮ್ಮವರಿಗೇ ಗೊತ್ತಿಲ್ಲ.

ಯಲಹಂಕ ನ್ಯೂಟೌನ್‌ನಲ್ಲಿ ಸೃಷ್ಟಿ ಇದೆ. 1996ರಲ್ಲಿ ಶುರುವಾದ ಸಂಸ್ಥೆ, ಈಗ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್ ಅನ್ನೋ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಕಲೆ, ಡಿಸೈನ್, ಸಿನಿಮಾ, ತಂತ್ರಜ್ಞಾನದ ನಡುವಿನ ಗೋಡೆ ತೆಗೆದು ಕಲಿಸುತ್ತೀವಿ ಅನ್ನೋದೇ ಅದರ ಗುರುತು. ಯಶವಂತಪುರ ದಾಟಿ ಪೀಣ್ಯ ಕಡೆ ಮೆಟ್ರೊ ಓಡೋಕೆ ಶುರುವಾಗಿದ್ದು 2014ರ ಮಾರ್ಚ್‌ನಲ್ಲಿ. ಆ ಹೊತ್ತಿಗೇ ಸೃಷ್ಟಿಯವರು ಮೆಟ್ರೊ ನಿಗಮದ ಜೊತೆ ಸೇರಿ 'ಆರ್ಟ್ ಇನ್ ಟ್ರಾನ್ಸಿಟ್' ಅಂತ ಒಂದು ಯೋಜನೆ ಶುರು ಮಾಡಿದರು. ಪೀಣ್ಯ ನಿಲ್ದಾಣದಲ್ಲಿ, ಆಮೇಲೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡಿದರು.

ಮೆಟ್ರೊ ನಿಲ್ದಾಣದಲ್ಲಿ ಕಲಾಕೃತಿ ಮಾಡೋದು ಅಂದ್ರೆ ಏನು ಅಂತ ಒಂದು ನಿಮಿಷ ಊಹಿಸಿ. ಗ್ಯಾಲರಿಗೆ ಬಂದವರು ನಿಂತು ನೋಡ್ತಾರೆ. ಇಲ್ಲಿ ಜನ ಓಡ್ತಿರ್ತಾರೆ. ಶಿಫ್ಟ್ ಮುಗಿಸಿ ಬಂದ ಫ್ಯಾಕ್ಟರಿ ಕೆಲಸಗಾರರಿಗೆ ನಿಮ್ಮ ಕಾನ್ಸೆಪ್ಟ್ ನೋಟ್ ಓದೋ ತಾಳ್ಮೆ ಇರಲ್ಲ. ಎಂಜಿನಿಯರ್ ಒಪ್ಪಬೇಕು, ಸೆಕ್ಯುರಿಟಿಯವರಿಗೆ ತೊಂದರೆ ಆಗಬಾರದು, ನೆಲ ಒರೆಸುವ ಅಕ್ಕನ ಕೆಲಸಕ್ಕೆ ಅಡ್ಡ ಬರಬಾರದು. ಇಂಥ ಕಡೆ ಚಿತ್ರ ಬರೋದಷ್ಟೇ ಸಾಲಲ್ಲ. ಜನ ಹೇಗೆ ನಡೀತಾರೆ, ಎಲ್ಲಿ ನಿಧಾನ ಆಗ್ತಾರೆ, ಸದ್ದು ಎಲ್ಲಿಂದ ಬರುತ್ತೆ ಅಂತ ಗೊತ್ತಿರಬೇಕು. ಅದು ರಂಗಭೂಮಿಯವರ ಕಸುಬು. ಅಂದ್ರೆ ರಾಜ ವಜ್ರನ ಪಾಠ ಪೀಣ್ಯದ ಪ್ಲಾಟ್‌ಫಾರ್ಮ್ ಹತ್ತಿರ ಬಂದು ನಿಂತಿದೆ.

ಯಲಹಂಕದಿಂದ ಸ್ವಲ್ಪ ಪಶ್ಚಿಮಕ್ಕೆ ಹೋದ್ರೆ ಹೆಸರಘಟ್ಟ. ಅಲ್ಲಿ ಪ್ರೋತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮ ಇದೆ. ಒಡಿಸ್ಸಿಯನ್ನ ಅಲ್ಲೇ ಇದ್ದು, ಗುರುಕುಲದ ರೀತಿ ಕಲಿಯುವ ಜಾಗ. ಒಂದೇ ಕಲೆ, ಆದರೆ ತಳ ಮುಟ್ಟುವವರೆಗೆ. ಅದೇ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ, ಕ್ಯಾಮೆರಾ ಮತ್ತು ಧ್ವನಿ ಕಲಿಸುವ ಡಿಪ್ಲೊಮಾ. ಈ ಕೋರ್ಸ್ ಹುಟ್ಟಿದ್ದು ನಗರದೊಳಗಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿ. ಗುರುದತ್ ಸಿನಿಮಾಗಳ ಕ್ಯಾಮೆರಾಮನ್ ವಿ.ಕೆ. ಮೂರ್ತಿ, ನಿರ್ದೇಶಕ ಗೋವಿಂದ ನಿಹಲಾನಿ ಇಬ್ಬರೂ ಅಲ್ಲಿಯೇ ಕಲಿತವರು. ಮೂರ್ತಿಯವರು ನಮ್ಮ ಮೈಸೂರಿನವರು, ಪಿಟೀಲೂ ಬಾರಿಸುತ್ತಿದ್ದರು. ಕತ್ತಲೆ ಬೆಳಕಿನಲ್ಲಿ ಲಯ ಹಿಡಿದವರ ಕೈಲಿ ಪಿಟೀಲೂ ಇತ್ತು ಅನ್ನೋದು ನನಗಂತೂ ಆಶ್ಚರ್ಯ ಅಲ್ಲ.

ಇನ್ನು ಸಿಟಿ ಒಳಗೆ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು. ಜನವರಿಯ ಚಿತ್ರಸಂತೆಗೆ ಹೋಗಿರ್ತೀರಿ. ಅದನ್ನ ಬೆಳೆಸಿದ ಎಂ.ಎಸ್. ನಂಜುಂಡರಾವ್ ಊರೂರಿನಿಂದ ತೊಗಲು ಗೊಂಬೆಗಳನ್ನ ತಂದು ಅಲ್ಲಿ ಸಂಗ್ರಹ ಮಾಡಿದರು. ಒಮ್ಮೆ ಹೋಗಿ ನೋಡಿ. ತೊಗಲು ಹದ ಮಾಡೋದು, ಕತ್ತರಿಸೋದು, ಬಣ್ಣ ಹಾಕೋದು, ಪರದೆ ಹಿಂದೆ ದೀಪ ಇಟ್ಟು ಆಡಿಸೋದು, ಹಾಡೋದು, ಎಲ್ಲ ಒಂದೇ ಮನೆಯವರ ಕೆಲಸ. ಅದಕ್ಕೆ ಅವರು ಯಾವ ಡಿಪಾರ್ಟ್‌ಮೆಂಟ್ ಹೆಸರನ್ನೂ ಇಟ್ಟಿರಲಿಲ್ಲ.

ಈಗ ಎರಡನೇ ಪ್ರಶ್ನೆ. ಅದರಿಂದ ಏನಾಗ್ತೀಯಾ? ಇದಕ್ಕೆ ನನ್ನ ಅತ್ತೆ ಮಗಳ ಕಥೆ ಹೇಳ್ತೀನಿ. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಅವಳ ಅಪ್ಪನಿಗೆ ಯಲಹಂಕ ಹಳೇ ಊರಿನಲ್ಲಿ ಚಿಕ್ಕ ಟೈಲರ್ ಅಂಗಡಿ. ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿ ಕಾಮರ್ಸ್. ಈ ಥರದ ಕೋರ್ಸ್ ಸೇರಿದಳು.

ಅಲ್ಲಿ ಪಾಠ ಅಂದ್ರೆ ಬೋರ್ಡ್ ನೋಡಿ ನೋಟ್ಸ್ ಬರೆಯೋದಲ್ಲ. ನಾಲ್ಕು ಜನರ ಗುಂಪು ಮಾಡಿ, ಒಂದು ಜಾಗ ಆರಿಸಿ, ಕೆಲವು ವಾರ ಅಲ್ಲಿ ಕೂತು ನೋಡಿ, ಅದರಿಂದ ಏನಾದ್ರೂ ಮಾಡಿ ತೋರಿಸಿ ಅಂತಾರೆ. ಅವಳ ಗುಂಪಲ್ಲಿ ಒಬ್ಬಳು ಭರತನಾಟ್ಯ ಕಲಿತವಳು, ಒಬ್ಬ ಸೌಂಡ್ ಎಡಿಟ್ ಮಾಡುವವನು, ಒಬ್ಬ ಕೋಡಿಂಗ್ ಗೊತ್ತಿದ್ದವನು. ಇವಳು ಅಪ್ಪನ ಅಂಗಡಿ ಅಂದಳು. ಅಲ್ಲಿ ಹಳೇ ಕಂದು ಪೇಪರ್‌ನಲ್ಲಿ ಕತ್ತರಿಸಿದ ಅಳತೆಗಳು ಮೊಳೆಗೆ ನೇತುಹಾಕಿದ್ದವು, ಒಂದೊಂದರ ಮೇಲೂ ಗಿರಾಕಿ ಹೆಸರು. ಕೆಲವರು ತೀರಿಕೊಂಡಿದ್ದಾರೆ, ಅಳತೆ ಮಾತ್ರ ಉಳಿದಿದೆ. ಮೆಷಿನ್ ಸದ್ದಿನ ಮೇಲೆ ತಾಳ ಕಟ್ಟಿದರು. ಅಳತೆ ತಗೊಳ್ಳುವಾಗ ಜನ ಕೈ ಎತ್ತಿ, ಉಸಿರು ಹಿಡಿದು ನಿಲ್ತಾರಲ್ಲ, ಆ ನಿಲುವುಗಳಿಂದ ನೃತ್ಯ. ಆ ಪೇಪರ್‌ಗಳೇ ಪರದೆ.

ಕೆಲಸ ಚೆನ್ನಾಗಿ ಬಂತು. ಆದರೆ ರಿವ್ಯೂ ದಿನ ಎಲ್ಲ ಇಂಗ್ಲಿಷ್‌ನಲ್ಲಿ. ಇವಳ ಐಡಿಯಾ, ಇವಳ ಅಂಗಡಿ, ಕತ್ತರಿ ಹಿಡಿದಿದ್ದೂ ಇವಳೇ. ಪ್ರಶ್ನೆ ಬಂದಾಗ ಬಾಯಿ ಕಟ್ಟಿತು. ಗುಂಪಿನ ಬೇರೆಯವರು ಚೆನ್ನಾಗಿ ಮಾತಾಡಿದರು. ಅವರಿಗೆ ಹೆಚ್ಚು ಮಾರ್ಕ್ಸ್, ಇವಳಿಗೆ ಕಡಿಮೆ. ಸಂಜೆ ಷೋಗೆ ಅವಳ ಅಪ್ಪ ಬಂದಿದ್ದರು. ಪರದೆ ಹತ್ತಿರ ಹೋಗಿ ಒಂದು ಪೇಪರ್ ಮುಟ್ಟಿ, "ಇದು ತಲೆಕೆಳಗಾಗಿದೆ ಕಣಮ್ಮ, ತೋಳು ಕೆಳಗೆ ಬರ್ಬೇಕು" ಅಂದರು. ಡಾನ್ಸ್ ಮಾಡಿದ ಹುಡುಗಿ ತಕ್ಷಣ ಅವರನ್ನ ಕೂರಿಸಿಕೊಂಡು, ಇದು ಯಾರದ್ದು, ಅದು ಯಾರದ್ದು ಅಂತ ಕೇಳೋಕೆ ಶುರು ಮಾಡಿದಳು. ಮಾವ ಮಾತಾಡ್ತಾ ಹೋದರು. ಸುತ್ತ ಹತ್ತು ಹದಿನೈದು ಜನ ಸೇರಿದರು. ಇವಳು ನಡುವೆ ನಿಂತು ಅಪ್ಪನ ಮಾತನ್ನ ಗೊತ್ತಿದ್ದ ಇಂಗ್ಲಿಷ್‌ನಲ್ಲಿ ಹೇಳ್ತಾ ಹೋದಳು. ಬೆಳಿಗ್ಗೆ ಕಟ್ಟಿದ್ದ ಬಾಯಿ ಆಗ ಬಿಟ್ಟಿತು. ಮಾರ್ಕ್ಸ್ ಮಾತ್ರ ಬದಲಾಗಲಿಲ್ಲ.

ಇವತ್ತು ಈ ಎಪಿಸೋಡ್ ಮಾಡ್ತಿರೋದಕ್ಕೆ ಕಾರಣ ಇದೇ. ಕಲೆಗಳ ನಡುವಿನ ಗೋಡೆ ತೆಗೀತೀವಿ ಅನ್ನುವ ಕಡೆ ಭಾಷೆಯ ಗೋಡೆ ಹಾಗೇ ನಿಂತಿದ್ರೆ, ತೆಗೆದಿದ್ದು ಅರ್ಧ ಗೋಡೆ ಮಾತ್ರ. ಯಲಹಂಕ, ಜಕ್ಕೂರು, ಮತ್ತಿಕೆರೆ, ಆರ್‌.ಟಿ. ನಗರದ ಮಕ್ಕಳ ಮನೆಯಲ್ಲಿ ಹೊಲಿಗೆ ಇದೆ, ತಮಟೆ ಇದೆ, ರಂಗೋಲಿ ಇದೆ, ಗಣೇಶನ ಹಬ್ಬದ ಆರ್ಕೆಸ್ಟ್ರಾ ಇದೆ. ಇಂಥ ಕೋರ್ಸ್‌ಗಳು ಪ್ರಾಜೆಕ್ಟ್ ಹುಡುಕಿಕೊಂಡು ಬರೋದೂ ಇಂಥ ಬೀದಿಗಳಿಗೇ. ಬೀದಿ ಬೇಕು ಅಂದ್ಮೇಲೆ ಬೀದಿಯ ಹುಡುಗಿಯೂ ತನ್ನ ಮಾತಿನಲ್ಲೇ ಕ್ಲಾಸಿನಲ್ಲಿ ಇರಬೇಕಲ್ವಾ?

ಅಂದ್ಹಾಗೆ ಏನಾಗ್ತೀಯಾ ಅನ್ನೋ ಪ್ರಶ್ನೆಗೆ ಉತ್ತರ. ಅವಳು ಈಗ ರಂಗಸಜ್ಜಿಕೆ, ವಸ್ತ್ರ ವಿನ್ಯಾಸದ ಕೆಲಸಕ್ಕೆ ಹೋಗ್ತಾಳೆ. ಜಾಹೀರಾತು ಶೂಟ್ ಇದ್ದ ತಿಂಗಳು ದುಡ್ಡು ಚೆನ್ನಾಗಿ ಬರುತ್ತೆ, ಇಲ್ಲದ ತಿಂಗಳು ಅಪ್ಪನ ಅಂಗಡಿಯಲ್ಲಿ ಬ್ಲೌಸ್ ಹೊಲೀತಾಳೆ. ಸಿನಿಮಾ, ಮ್ಯೂಸಿಯಂ, ಗೇಮ್, ಇವೆಂಟ್, ಶಾಲೆ, ಹೀಗೆ ಹೋಗುವ ದಾರಿ ಹಲವು. ಆದರೆ ಬಹಳಷ್ಟು ಕೆಲಸ ಪ್ರಾಜೆಕ್ಟ್ ಲೆಕ್ಕದಲ್ಲಿ ಸಿಗೋದು. ತಿಂಗಳ ಒಂದನೇ ತಾರೀಕು ಸಂಬಳ ಅಂತ ಯಾರಾದರೂ ಗ್ಯಾರಂಟಿ ಕೊಟ್ರೆ ಇನ್ನೊಂದು ಸಲ ಕೇಳಿ.

ಅಲ್ಲಿಗೆ ಮೂರನೇ ಪ್ರಶ್ನೆ ಬಂತು, ದುಡ್ಡು. ಖಾಸಗಿ ಸಂಸ್ಥೆಗಳಲ್ಲಿ ಇಂಥ ಕೋರ್ಸ್‌ನ ಫೀಸು ವರ್ಷಕ್ಕೆ ಲಕ್ಷಗಳಲ್ಲಿ ಇರುತ್ತೆ. ಒಂದು ಲೆಕ್ಕ ಹಾಕೋಣ. ನೀವು 15 ಲಕ್ಷ ಸಾಲ ಮಾಡಿದ್ರಿ, ಬಡ್ಡಿ ಶೇ 10, ಹತ್ತು ವರ್ಷದಲ್ಲಿ ತೀರಿಸೋದು ಅಂತಿಟ್ಕೊಳ್ಳಿ. ತಿಂಗಳ ಕಂತು ಸುಮಾರು 19,800 ರೂಪಾಯಿ. ಒಟ್ಟು ಕಟ್ಟೋದು 23 ಲಕ್ಷ 80 ಸಾವಿರದ ಹತ್ತಿರ. ಓದುವ ವರ್ಷಗಳ ಬಡ್ಡಿ ಇದರ ಮೇಲೆ ಬೇರೆ. ಅದೇ 5 ಲಕ್ಷ ಸಾಲಕ್ಕೆ ಕಂತು ಸುಮಾರು 6,600. ಆದಾಯ ಒಂದು ತಿಂಗಳು ಇದ್ದು ಒಂದು ತಿಂಗಳು ಇಲ್ಲದ ಕಸುಬಿಗೆ ಪ್ರತಿ ತಿಂಗಳು ತಪ್ಪದೆ ಬರುವ ಕಂತು ಕಟ್ಟಿಕೊಂಡ್ರೆ ಏನಾಗುತ್ತೆ? ಕಂತಿಗೋಸ್ಕರ ಸಿಕ್ಕ ಕೆಲಸ ಮಾಡ್ತೀರಿ, ಕಲಿತ ಕೆಲಸ ಬಿಡ್ತೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೆದರಿಸೋಕೆ ಹೇಳ್ತಿಲ್ಲ. ಸಾಲ ಕಡಿಮೆ ಇದ್ದಷ್ಟೂ ಕಲಾವಿದರಿಗೆ 'ಈ ಕೆಲಸ ಬೇಡ' ಅನ್ನೋ ಸ್ವಾತಂತ್ರ್ಯ ಜಾಸ್ತಿ, ಅಷ್ಟೇ.

ಆ ಫೀಸು ನಮ್ಮ ಕೈಲಾಗಲ್ಲ ಅನ್ನೋರಿಗೆ ಬೇರೆ ದಾರಿ ಇದೆ. ಸಾಮಾನ್ಯ ಡಿಗ್ರಿ ಮುಗಿಸಿ ಸುಮಾರು ಒಂದು ವರ್ಷ ಕೊಟ್ಟರೆ ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಇದೆ. ಕೆ.ವಿ. ಸುಬ್ಬಣ್ಣನವರು ಕಟ್ಟಿದ್ದು, 1980ರಿಂದ ನಡೀತಿದೆ. ನಟನೆ, ಬೆಳಕು, ರಂಗಸಜ್ಜಿಕೆ, ಪ್ರಸಾಧನ, ಸಂಗೀತ, ಸಾಹಿತ್ಯ ಎಲ್ಲವೂ ಒಂದೇ ಆವರಣದಲ್ಲಿ. ಕಲಿಕೆ ಕನ್ನಡದಲ್ಲಿ. ಮೈಸೂರಿನ ರಂಗಾಯಣದಲ್ಲೂ ಒಂದು ವರ್ಷದ ಡಿಪ್ಲೊಮಾ ಇದೆ. ಕನ್ನಡದಲ್ಲಿ ಹಲವು ಕಲೆಗಳನ್ನ ಒಟ್ಟಿಗೆ ಕಲಿಸೋಕೆ ಆಗುತ್ತಾ ಅಂತ ಯಾರಾದ್ರೂ ಅನುಮಾನ ಪಟ್ರೆ ಹೆಗ್ಗೋಡಿನ ಬಸ್ ಹತ್ತಿಸಿ.

ಸರ್ಕಾರದ ಮಾತೂ ಒಂದು ಸಾಲು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬಾಣಭಟ್ಟನ ಕಾದಂಬರಿಯನ್ನೂ 64 ಕಲೆಗಳನ್ನೂ ನೆನೆಸಿಕೊಂಡಿದ್ದಾರೆ. ಕರ್ನಾಟಕದಲ್ಲಿ 2021–22ರಲ್ಲಿ ಆ ಪದ್ಧತಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್. ಪದ್ಧತಿ ಬರುತ್ತೆ, ಹೋಗುತ್ತೆ. ನಿಮ್ಮ ಮೂರು ನಾಲ್ಕು ವರ್ಷ ವಾಪಸ್ ಬರಲ್ಲ. ಹಾಗಾಗಿ ಅರ್ಜಿ ಹಾಕುವ ಮೊದಲು ಈ ಐದು ಪ್ರಶ್ನೆ ಕೇಳಿ. ಬೇಕಾದ್ರೆ ಪಾಸ್ ಮಾಡಿ ಬರ್ಕೊಳ್ಳಿ.

ಒಂದು, ಡಿಗ್ರಿ ಕೊಡೋದು ಯಾರು? ವಿಶ್ವವಿದ್ಯಾಲಯದ ಹೆಸರೇನು, ಅದು ಯುಜಿಸಿ ಪಟ್ಟಿಯಲ್ಲಿದೆಯಾ?

ಎರಡು, ಮೊದಲ ವರ್ಷ ನನ್ನ ಕೈ ಏನು ಕಲಿಯುತ್ತೆ? ಮಣ್ಣು, ಮರ, ಬಣ್ಣ, ದೇಹ, ಧ್ವನಿ, ಯಾವುದಾದರೂ ಒಂದು ಆಳಕ್ಕೆ ಹೋಗುತ್ತಾ? ಉತ್ತರದಲ್ಲಿ ಬರೀ ದೊಡ್ಡ ಪದಗಳು ಬಂದ್ರೆ ಅನುಮಾನ ಪಡಿ.

ಮೂರು, ವರ್ಷದ ಕೊನೆಯ ಪ್ರದರ್ಶನಕ್ಕೆ ಹೊರಗಿನವರು ಹೋಗಬಹುದಾ? ಹೋಗಬಹುದಾದ್ರೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ. ಬ್ರೋಷರ್ ಹತ್ತು ಪುಟ ಹೇಳದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ.

ನಾಲ್ಕು, ಕೋರ್ಸ್ ಮುಗಿಸಿ ಮೂರು ವರ್ಷ ಆದವರು ಏನು ಮಾಡ್ತಿದ್ದಾರೆ? ಹೋದ ವರ್ಷದವರ ಹತ್ತಿರ ಕೇಳಿದ್ರೆ ಉತ್ಸಾಹ ಸಿಗುತ್ತೆ, ಮೂರು ವರ್ಷ ಆದವರ ಹತ್ತಿರ ಲೆಕ್ಕ ಸಿಗುತ್ತೆ.

ಐದು, ನಾನು ಕನ್ನಡದಲ್ಲಿ ರಿವ್ಯೂ ಕೊಡಬಹುದಾ? ಈ ಪ್ರಶ್ನೆಯನ್ನ ನಾಚಿಕೆ ಬಿಟ್ಟು, ಜೋರಾಗಿ ಕೇಳಿ. ಒಬ್ಬರು ಕೇಳಿದ್ರೆ ಅವರು ನಗಬಹುದು. ಐವತ್ತು ಜನ ಕೇಳಿದ್ರೆ ಕನ್ನಡ ಗೊತ್ತಿರುವ ಒಬ್ಬ ಮೇಷ್ಟ್ರನ್ನಾದ್ರೂ ಆ ರೂಮಲ್ಲಿ ಕೂರಿಸಬೇಕಾಗುತ್ತೆ. ಬೆಂಗಳೂರಿನ ಕಾಲೇಜಲ್ಲಿ ಇದು ದೊಡ್ಡ ಬೇಡಿಕೆಯೇನಲ್ಲ.

ಮನೆಯ ಮೀಟಿಂಗ್‌ನಲ್ಲಿ ಕೂತಿರೋ ಅಪ್ಪ ಅಮ್ಮ ಕೇಳ್ತಿದ್ರೆ ಅವರಿಗೂ ಒಂದು ಮಾತು. ಮಗು ಏನೇನೋ ಮಾಡ್ತಿದೆ, ಒಂದರಲ್ಲೂ ನಿಲ್ಲಲ್ಲ ಅನ್ನಿಸಿದ್ರೆ, ಅದು ಯಾವುದನ್ನ ಯಾರೂ ಹೇಳದೆ ದಿನಾ ಮಾಡುತ್ತೆ ಅಂತ ಒಂದು ತಿಂಗಳು ಗಮನಿಸಿ. ಆ ಒಂದನ್ನ ಮೊದಲು ಹಿಡಿದುಕೊಳ್ಳಲಿ, ಉಳಿದ ಕಲೆಗಳನ್ನ ಅದರ ಸುತ್ತ ಸೇರಿಸಿಕೊಳ್ಳಬಹುದು.

ಈ ಎಪಿಸೋಡನ್ನ ಪಿಯುಸಿ ಮುಗಿಸಿರುವ ಒಬ್ಬರಿಗೆ ಕಳಿಸಿ. ಐದನೇ ಪ್ರಶ್ನೆಗೆ ನಿಮ್ಮ ಕಾಲೇಜು ಏನು ಉತ್ತರ ಕೊಡ್ತು ಅಂತ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಬರ್ತೀನಿ, ನಮಸ್ಕಾರ.